ಶೀತಗೃಹದ ಯಂತ್ರಗಳ ಬಳಿ ಕೆಲಸಮಾಡುವವರು ತಿಳಿದಿರತಕ್ಕ ಸಂಗತಿಗಳು

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳ ಒಕ್ಕಲಿಗರಿಗೆ ಶೀತಗೃಹವು ಈಗ ಹೊಸ ವಸ್ತುವಾಗಿ ಉಳಿದಿಲ್ಲ. ಇಲ್ಲಿ ಬೆಳೆದ ಮೆಣಸಿನಕಾಯಿಯು ಬ್ಯಾಡಗಿಯ ಪೇಟೆಗೆ ಹೋಗುವದು. ದರವು ಇಳಿದಿರುವಾಗ ಮಾಲನ್ನು ಒಮ್ಮೆಲೆ ಮಾರಿಬಿಡದೆ, ಪೇಟೆಯ ಸುತ್ತಮುತ್ತಲಿನ ಶೀತಗೃಹಗಳಲ್ಲಿ ಚೀಲಗಳನ್ನಿರಿಸಿ, ಅನುಕೂಲವಾದ ದರ ಬರುವ ತನಕ ಕಾಯುವದು ರೂಢಿಯಾಗಿದೆ. 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯನ್ನು ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಹೆಚ್ಚಿನ ಬೆಲೆ ಬರುವದು ಖಾರದಿಂದಲ್ಲ, ಅದರ ಕೆಂಪು ಬಣ್ಣದಿಂದ. ಬೇಸಿಗೆಯ ಸೆಕೆಯಲ್ಲಿಯೂ ಬೆಳಕಿನಲ್ಲಿಯೂ ಆ ಬಣ್ಣವು ಮಾಸುವದು, ಹುಳವೂ ಬೀಳುವದು. ಉಷ್ಣಮಾನವನ್ನು 10 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಇರಿಸಿದಲ್ಲಿ ಬಣ್ಣವು ತಿಂಗಳುಗಟ್ಟಲೆ ಉಳಿಯುವದು. ಹಾನಗಲ್ಲ ಸೀಮೆಯ ಮಾವಿನ ಹಣ್ಣಿಗೆ 12-13 ಡಿಗ್ರಿಯ ತಂಪು ಸಾಕು. ಹಳ್ಳಿಯ ಸಂಘಗಳಲ್ಲಿ ಕೂಡುವ ಹಾಲನ್ನಾದರೂ ಕೂಡಲೆ 4 ಡಿಗ್ರಿಗೆ ಇಳಿಸಬೇಕಾಗುವದು.

ಹೀಗೆ ಒಕ್ಕಲಿಗನ ಮಾಲು ಎಲ್ಲಿಗೆ ಹೋಗುವದೋ ಅಲ್ಲಿಗೆ ಅವನ ಮನೆಯ ಮಕ್ಕಳೂ ಕೆಲಸಕ್ಕೆ ಹೋಗುವರು. ಚೀಲ ಹೊರುವ ಹಮಾಲರು, ಕಾಯಿ ಆರಿಸುವ ಹೆಣ್ಣುಮಕ್ಕಳು, ಯಂತ್ರ ನೋಡಿಕೊಳ್ಳುವ ಆಪರೇಟರರು ಬಹುತರ ಹಳ್ಳಿಗಳಿಂದ ಬಂದವರೇ ಆಗಿರುವರು. ಎತ್ತು ಹಾಯುವದನ್ನೂ ಹಾವು ಕಚ್ಚುವದನ್ನೂ ಬಲ್ಲ ಜನರಿಗೆ ಈ ಯಂತ್ರದ ಸ್ವಭಾವವು ಪರಿಚಿತವಾದದ್ದಲ್ಲ. ಆದ್ದರಿಂದ ಅದರ ಅಪಾಯವು ಎಲ್ಲಿದೆ, ಅದನ್ನು ತಪ್ಪಿಸಿಕೊಳ್ಳುವ ಬಗೆ ಯಾವದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ತಂಪು ಉಂಟಾಗುವ ರೀತಿ

ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವದನ್ನು ಎಲ್ಲರೂ ಕಂಡಿರುವರು. ಹೂಜಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಕಾವನ್ನು ಹೀರಿಕೊಂಡು ಹೋಗುವದು. ಶೀತಗೃಹದ ಯಂತ್ರವು ಮಾಡುವದೂ ಇದನ್ನೇ. ಅಲ್ಲಿ ನೀರಿನ ಬದಲು ಅಮೋನಿಯಾ ಎಂಬ ದ್ರವವನ್ನು ಉಪಯೋಗಿಸುವರು. ಬಯಲು ಗಾಳಿಯ ಒತ್ತಡದಲ್ಲಿ ಇದು ಸೊನ್ನೆಗಿಂತ 33 ಡಿಗ್ರಿ ಕೆಳಗಿನ ಚಳಿಯಲ್ಲಿಯೇ ಕುದಿದು ಆವಿಯಾಗುವದು. ಕೋಣೆಯೊಳಗಿನ ಕೊಳವೆಗಳಲ್ಲಿ ಅಮೋನಿಯಾ ಕುದಿಯುವಾಗ ಕೋಣೆಯ ಗಾಳಿಯ ಕಾವನ್ನು ಎಳೆದುಕೊಳ್ಳುವದು. ಆ ಆವಿಯನ್ನು ಕಂಪ್ರೆಸರ್ ಎಂಬ ಯಂತ್ರವು ಹೀರಿ, ಒತ್ತಿ, ಹೊರಗಿನ ಕಂಡೆನ್ಸರಿಗೆ ಕಳಿಸುವದು. ಅಲ್ಲಿ ನೀರು ಬಿದ್ದು ಆವಿಯು ತಿರುಗಿ ದ್ರವವಾಗುವದು. ದ್ರವವು ರಿಸೀವರ್ ಎಂಬ ಪಾತ್ರೆಯಲ್ಲಿ ಕೂಡಿ, ಮತ್ತೆ ಕೋಣೆಯ ಕೊಳವೆಗಳಿಗೆ ಬರುವದು. ಈ ಸುತ್ತು ಹಗಲಿರುಳು ನಡೆಯುವದು.

ಕಂಡೆನ್ಸರಿನ ಕಡೆಯಲ್ಲಿ ಬೇಸಿಗೆಯ ದಿನಗಳಲ್ಲಿ ಚದರ ಸೆಂಟಿಮೀಟರಿಗೆ 12ರಿಂದ 14 ಕಿಲೋಗ್ರಾಂ ಒತ್ತಡವಿರುವದು. ಲಾರಿಯ ಗಾಲಿಯಲ್ಲಿ ತುಂಬುವ ಗಾಳಿಯ ಒತ್ತಡದ ಸುಮಾರು ಒಂದೂವರೆ ಪಟ್ಟು ಇದು. ಹೀಗಿರುವದರಿಂದ ಒಂದು ವಾಲ್ವನ್ನು ತಪ್ಪಿ ತಿರುವಿದರೂ, ತುಕ್ಕು ತಿಂದ ಒಂದು ಕೊಳವೆಯು ಒಡೆದರೂ ಒಳಗಿನದು ಮೆಲ್ಲಗೆ ಸೋರುವದಿಲ್ಲ, ಚಿಮ್ಮುವದು.

ಅಮೋನಿಯಾದ ಗುಣಗಳು

ಅಮೋನಿಯಾ ಅಗ್ಗವಾದದ್ದು, ತಂಪು ಮಾಡುವದರಲ್ಲಿ ಬಹು ಸಮರ್ಥವಾದದ್ದು, ವಾಯುಮಂಡಲಕ್ಕೆ ಕೆಡುಕು ಮಾಡದ್ದು. ಯೂರಿಯಾದಂಥ ಗೊಬ್ಬರಗಳೂ ಇದರಿಂದಲೇ ತಯಾರಾಗುವವು. ಆದರೆ ಮನುಷ್ಯನ ಶರೀರಕ್ಕೆ ಅದು ಶತ್ರು. ನೀರನ್ನು ಕಂಡಲ್ಲಿ ಕೂಡಿಕೊಳ್ಳುವದು ಅದರ ಸ್ವಭಾವ. ಕಣ್ಣು, ಮೂಗು, ಗಂಟಲು, ಪುಪ್ಪುಸಗಳಲ್ಲಿ ತೇವವಿರುವದರಿಂದ ಅದು ಮೊದಲು ಹೋಗುವದು ಅಲ್ಲಿಗೇ. ಅಲ್ಲಿ ತೀಕ್ಷ್ಣ ಕ್ಷಾರವಾಗಿ ಮಾಂಸವನ್ನು ಸುಡುವದು. ದ್ರವ ಅಮೋನಿಯಾ ಚರ್ಮಕ್ಕೆ ತಗಲಿದರೆ ಎರಡು ವಿಧದ ಹಾನಿ: ಚಳಿಯಿಂದ ಚರ್ಮ ಹೆಪ್ಪುಗಟ್ಟುವದು, ಕ್ಷಾರದಿಂದ ಬೇಯುವದು.

ಅದರ ವಾಸನೆಯು ಬಹು ಕಟುವಾದದ್ದು. ಇದು ಒಂದು ಉಪಕಾರವೆಂದೇ ತಿಳಿಯಬೇಕು. ಹತ್ತು ಲಕ್ಷ ಪಾಲು ಗಾಳಿಯಲ್ಲಿ 25 ಪಾಲು ಅಮೋನಿಯಾ ಇರುವಲ್ಲಿ ದಿನಕ್ಕೆ 8 ತಾಸಿಗಿಂತ ಹೆಚ್ಚು ಇರಬಾರದೆಂದು ತಜ್ಞರು ಗೊತ್ತುಮಾಡಿರುವರು. 300 ಪಾಲಿಗೆ ಏರಿತೆಂದರೆ ಪ್ರಾಣಕ್ಕೆ ಕೂಡಲೆ ಅಪಾಯವುಳ್ಳ ಸ್ಥಳವೆಂದು ಎಣಿಸತಕ್ಕದ್ದು. 5000 ಪಾಲು ಮುಟ್ಟಿದಲ್ಲಿ ಕೆಲವೇ ನಿಮಿಷಗಳಲ್ಲಿ ಮರಣವು ಸಂಭವಿಸಬಹುದು. ಆದರೆ ದಿನವೂ ಯಂತ್ರದ ಕೋಣೆಯಲ್ಲಿ ಇರುವವನ ಮೂಗು ವಾಸನೆಗೆ ಒಗ್ಗಿಹೋಗುವದು. ‘ಇಷ್ಟು ವಾಸನೆ ಯಾವಾಗಲೂ ಇರುವದೇ’ ಎಂಬ ಮಾತು ಯಂತ್ರದ ಕೋಣೆಯಲ್ಲಿ ಕೇಳಿಬಂದರೆ, ಅಲ್ಲಿ ಸೋರುವಿಕೆ ಇದೆಯೆಂದು ತಿಳಿಯಬೇಕು. ಸರಿಯಾಗಿರುವ ಯಂತ್ರಕ್ಕೆ ವಾಸನೆಯಿಲ್ಲ. ನೀರಿನಲ್ಲಿ ತೋಯಿಸಿದ ಕೆಂಪು ಲಿಟ್ಮಸ್ ಕಾಗದವನ್ನು ಕೊಳವೆಯ ಕೂಡುಗಳ ಬಳಿ ಹಿಡಿದರೆ, ಸೋರುವಲ್ಲಿ ಅದು ನೀಲಿಯಾಗುವದು. ಈ ಪರೀಕ್ಷೆಯು ಸುಲಭವಾದದ್ದು, ಬೆಂಕಿ ಬೇಡದ್ದು.

ಅಮೋನಿಯಾ ಉರಿಯುವದಿಲ್ಲವೆಂಬ ಭಾವನೆಯೂ ತಪ್ಪು. ಮುಚ್ಚಿದ ಕೋಣೆಯ ಗಾಳಿಯಲ್ಲಿ ಅದು ನೂರಕ್ಕೆ ಸುಮಾರು 15ರಿಂದ 28 ಪಾಲು ಸೇರಿದಾಗ ಕಿಡಿ ತಗಲಿದರೆ ಸ್ಫೋಟವಾಗುವದು. 1984ರಲ್ಲಿ ಅಮೇರಿಕಾದ ಶ್ರೀವ್‌ಪೋರ್ಟ್ ನಗರದ ಒಂದು ಶೀತಗೃಹದಲ್ಲಿ ಸೋರುವಿಕೆಯನ್ನು ನಿಲ್ಲಿಸಲು ಅಗ್ನಿಶಾಮಕ ದಳದವರಿಬ್ಬರು ಒಳಹೊಕ್ಕಿದ್ದರು. ಸಾಮಾನೆತ್ತುವ ವಿದ್ಯುತ್ ಗಾಡಿಯ ಕಿಡಿಯಿಂದ ಕೋಣೆಯ ಅನಿಲವು ಹೊತ್ತಿಕೊಂಡಿತು; ಅವರಲ್ಲಿ ಒಬ್ಬನು ಗಾಯಗಳಿಂದ ಮಡಿದನು.

ಅಪಾಯವು ಯಾವಾಗ ಬರುವದು

ಯಂತ್ರವು ಸುರಳೀತವಾಗಿ ಓಡುತ್ತಿರುವಾಗ ಅಪಾಯವು ಕಡಿಮೆ. ಅದನ್ನು ನಿಲ್ಲಿಸುವಾಗ, ತಿರುಗಿ ಆರಂಭಿಸುವಾಗ, ಬಿಚ್ಚುವಾಗ, ದುರಸ್ತಿಯನ್ನು ಮುಂದೂಡುವಾಗ ಅಪಾಯವು ಹೆಚ್ಚು. ಈ ಮಾತನ್ನು ನೆನಪಿನಲ್ಲಿಟ್ಟರೆ ಉಳಿದ ನಿಯಮಗಳ ಕಾರಣವು ತಾನಾಗಿಯೇ ತಿಳಿಯುವದು.

ಎಣ್ಣೆ ತೆಗೆಯುವಾಗ: ಕಂಪ್ರೆಸರಿಗೆ ಹಾಕಿದ ಎಣ್ಣೆಯಲ್ಲಿ ಸ್ವಲ್ಪವು ಅಮೋನಿಯಾದೊಡನೆ ಸಾಗಿ ಪಾತ್ರೆಗಳ ತಳದಲ್ಲಿ ಕೂಡುವದು. ಅದನ್ನು ಆಗಾಗ್ಗೆ ಹೊರಗೆ ಬಿಡಬೇಕಾಗುವದು. ನೋಡುವದಕ್ಕೆ ಇದು ಎಲ್ಲಕ್ಕೂ ಹಗುರಾದ ಕೆಲಸ. ಆದರೆ ಪ್ರಾಣಾಪಾಯಕ್ಕೆ ಬಹು ಸಾರೆ ಇದೇ ಕಾರಣವಾಗಿದೆ. ಚಳಿಯಿಂದ ಎಣ್ಣೆ ಗಟ್ಟಿಯಾಗಿ ವಾಲ್ವಿನಿಂದ ಬಾರದಿದ್ದಾಗ ಕೆಲಸದವನು ವಾಲ್ವನ್ನು ಮತ್ತಷ್ಟು ತಿರುವುವನು, ಬೇಸತ್ತು ಅತ್ತ ಹೋಗುವನು. ಅಷ್ಟರಲ್ಲಿ ಎಣ್ಣೆಯ ಗಡ್ಡೆ ಸರಿದು, ಹಿಂದಿನ ಅಮೋನಿಯಾ ಒಮ್ಮೆಲೆ ನುಗ್ಗುವದು. ಆದಕಾರಣ ಪಾತ್ರೆಯನ್ನು ಉಳಿದ ಕೊಳವೆಗಳಿಂದ ಬೇರ್ಪಡಿಸಿ, ಒಳಗಿನ ಅಮೋನಿಯಾವನ್ನು ಯಂತ್ರದಿಂದಲೇ ಹೀರಿಸಿದ ಬಳಿಕವೇ ಎಣ್ಣೆ ತೆಗೆಯತಕ್ಕದ್ದು. ಸಾಮಾನ್ಯ ವಾಲ್ವಿನ ಮುಂದೆ, ಕೈ ಬಿಟ್ಟೊಡನೆ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ವಾಲ್ವು ಇರಲೇಬೇಕು. ಅದಕ್ಕೆ ತಂತಿ ಕಟ್ಟಿ ತೆರೆದೇ ಇರುವಂತೆ ಮಾಡುವದು ಆತ್ಮಹತ್ಯೆಗೆ ಸಮಾನ. ಇಬ್ಬರಿದ್ದು, ಮುಖವಾಡ ಧರಿಸಿ, ಬಾಗಿಲು ಬೆನ್ನ ಹಿಂದೆ ಇರುವಂತೆ ನಿಂತು ಈ ಕೆಲಸವನ್ನು ಮಾಡಬೇಕು. ಮುಗಿಯುವ ತನಕ ಸ್ಥಳವನ್ನು ಬಿಡಕೂಡದು.

ವಿದ್ಯುತ್ತು ಹೋಗಿ ಬಂದಾಗ: ಹಳ್ಳಿಯ ಕಡೆ ಕರೆಂಟು ಹೋಗುವದೂ ಬರುವದೂ ಸಾಮಾನ್ಯ. ಕರೆಂಟು ಬಂದ ಕೂಡಲೆ ಮಾಲು ಕೆಟ್ಟೀತೆಂಬ ಆತುರದಿಂದ ಎಲ್ಲವನ್ನೂ ಒಮ್ಮೆಲೆ ಆರಂಭಿಸುವದು ಸರಿಯಲ್ಲ. ನಿಂತ ಸಮಯದಲ್ಲಿ ದ್ರವವು ಬರಬಾರದ ಕಡೆ ಬಂದು ಕೂಡಿರಬಹುದು. ದ್ರವವು ಕಂಪ್ರೆಸರಿನೊಳಗೆ ಹೊಕ್ಕರೆ ಅದರ ತಲೆಯೇ ಒಡೆಯುವದು. 2010ರ ಆಗಸ್ಟ್ 23ರಂದು ಅಮೇರಿಕಾದ ಅಲಬಾಮಾ ಪ್ರಾಂತದ ಥಿಯೋಡೋರ್ ಎಂಬಲ್ಲಿ ಹೀಗೆಯೇ ಒಂದು ಅನಾಹುತವಾಯಿತು. ಹಿಂದಿನ ದಿನ ಏಳು ತಾಸಿಗೂ ಮೇಲ್ಪಟ್ಟು ವಿದ್ಯುತ್ತಿರಲಿಲ್ಲ. ಮರುದಿನ ಯಂತ್ರವನ್ನು ಸರಿಪಡಿಸುವಾಗ, ಕೊಳವೆಗಳ ಮೇಲಿನ ಹಿಮವನ್ನು ಬಿಸಿ ಅನಿಲದಿಂದ ಕರಗಿಸುವ ಕ್ರಮವು ನಡುವೆಯೇ ಕಡಿದು, ಒತ್ತಡವುಳ್ಳ ಬಿಸಿ ಅನಿಲವು ತಣ್ಣಗಿನ ಕೊಳವೆಗೆ ಒಮ್ಮೆಲೆ ನುಗ್ಗಿತು. ಆ ಹೊಡೆತಕ್ಕೆ ಮಾಳಿಗೆಯ ಮೇಲಿನ ಕೊಳವೆ ಒಡೆದು ಸುಮಾರು 14 ಟನ್ ಅಮೋನಿಯಾ ಹೊರಬಿದ್ದಿತು; ಅದರ ಬಾಧೆಯು 150ಕ್ಕೂ ಹೆಚ್ಚು ಜನರಿಗೆ ತಟ್ಟಿತು. ಇಲ್ಲಿಯ ಬಹಳ ಗೃಹಗಳಲ್ಲಿ ಬಿಸಿ ಅನಿಲದ ಪದ್ಧತಿಯು ಇಲ್ಲದಿರಬಹುದು. ಆದರೂ ಪಾಠವು ಒಂದೇ. ವಾಲ್ವುಗಳನ್ನು ನೋಡಿ, ದ್ರವದ ಮಟ್ಟವನ್ನು ನೋಡಿ, ಬರೆದಿಟ್ಟ ಕ್ರಮದಂತೆ ಒಂದೊಂದಾಗಿ ಆರಂಭಿಸತಕ್ಕದ್ದು. ಬಾಗಿಲು ಮುಚ್ಚಿದ ಗೃಹದೊಳಗಿನ ತಂಪು ಅರ್ಧ ತಾಸಿನಲ್ಲಿ ಹಾರಿಹೋಗುವಂಥದಲ್ಲ.

ದುರಸ್ತಿ ಮಾಡುವಾಗ: ಬಿಚ್ಚತಕ್ಕ ಭಾಗದ ಅಮೋನಿಯಾವನ್ನು ಪೂರ್ಣವಾಗಿ ಖಾಲಿಮಾಡದೆ ಬೋಲ್ಟಿಗೆ ಪಾನಾ ಹಚ್ಚಕೂಡದು, ವೆಲ್ಡಿಂಗ್ ಅಂತೂ ಸರ್ವಥಾ ಕೂಡದು. ದ್ರವ ತುಂಬಿದ ಕೊಳವೆಯ ಎರಡೂ ತುದಿಗಳ ವಾಲ್ವುಗಳನ್ನು ಮುಚ್ಚಿಬಿಟ್ಟರೆ, ಬಿಸಿಲು ಏರಿದಂತೆ ದ್ರವವು ಹಿಗ್ಗಿ ಕೊಳವೆಯನ್ನು ಸೀಳುವದು. ಯಂತ್ರದ ಬೆಲ್ಟು, ಪಂಖ, ಮೋಟಾರುಗಳನ್ನು ಮುಟ್ಟುವ ಮೊದಲು ವಿದ್ಯುತ್ತನ್ನು ಕಡಿದು, ಸ್ವಿಚ್ಚಿನ ಪೆಟ್ಟಿಗೆಗೆ ಕೀಲಿ ಹಾಕಿ, ಕೆಲಸಮಾಡುವವನೇ ಕೀಲಿಕೈಯನ್ನು ತನ್ನ ಕಿಸೆಯಲ್ಲಿಟ್ಟುಕೊಳ್ಳತಕ್ಕದ್ದು. ಅಮೋನಿಯಾವು ತಾಮ್ರವನ್ನೂ ಹಿತ್ತಾಳೆಯನ್ನೂ ತಿನ್ನುವದರಿಂದ ಅವುಗಳ ಬಿಡಿಭಾಗಗಳನ್ನು ಎಂದೂ ಹಾಕಕೂಡದು.

ದುರಸ್ತಿಯನ್ನು ಮುಂದೂಡಿದಾಗ: 2017ರ ಅಕ್ಟೋಬರ್ 17ರಂದು ಕೆನಡಾದ ಫರ್ನಿ ಎಂಬ ಊರಿನ ಹಿಮಕ್ರೀಡೆಯ ಅಂಗಣದಲ್ಲಿ ಮೂವರು ಕೆಲಸಗಾರರು ಅಮೋನಿಯಾದಿಂದ ಮಡಿದರು. ತಂಪು ಮಾಡುವ ಪಾತ್ರೆಯೊಳಗಿನ ಒಂದು ಕೊಳವೆ ತುಕ್ಕು ತಿಂದು, ಅಮೋನಿಯಾವು ಉಪ್ಪುನೀರಿನಲ್ಲಿ ಸೇರುತ್ತಿದ್ದದ್ದು ಕೆಲವು ತಿಂಗಳ ಹಿಂದೆಯೇ ಗೊತ್ತಾಗಿತ್ತು. ಆದರೂ ಹಂಗಾಮು ಬಂದಾಗ ಅದೇ ಪಾತ್ರೆಯನ್ನು ತಿರುಗಿ ಓಡಿಸಲಾಯಿತು. ‘ಈ ಹಂಗಾಮು ಕಳೆಯಲಿ, ಆಮೇಲೆ ನೋಡೋಣ’ ಎಂಬ ಮಾತು ಎಲ್ಲ ದೇಶಗಳಲ್ಲಿಯೂ ಒಂದೇ ತೆರ. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಉತ್ತರ ಪ್ರದೇಶದ ಕಾನಪುರ ಜಿಲ್ಲೆಯ ಶಿವರಾಜಪುರದ ಶೀತಗೃಹವೊಂದರಲ್ಲಿ ಅಮೋನಿಯಾ ಸ್ಫೋಟವಾಗಿ, ಕಟ್ಟಡ ಕುಸಿದು, ಕೆಲಸಗಾರರು ಪ್ರಾಣ ಕಳೆದುಕೊಂಡರು. ಕೊಳವೆಗಳ ಮೇಲೆ ಸುತ್ತಿದ ಹೊದಿಕೆಯ ಕೆಳಗೆ ನೀರು ನಿಂತು ತುಕ್ಕು ಹಿಡಿಯುವದು ಕಣ್ಣಿಗೆ ಬೀಳುವದಿಲ್ಲ. ಆದ್ದರಿಂದ ಹಂಗಾಮು ಮುಗಿದು ಗೃಹವು ಬರಿದಾದಾಗ ಹೊದಿಕೆಯನ್ನು ಅಲ್ಲಲ್ಲಿ ತೆಗೆದು ಪರೀಕ್ಷಿಸುವದು ಆವಶ್ಯಕ.

ಕೋಣೆಯೊಳಗೆ ಹೋಗುವವರಿಗೆ

ಹಮಾಲರು ಯಂತ್ರವನ್ನು ಮುಟ್ಟುವದಿಲ್ಲ. ಆದರೂ ಅವರಿಗೆ ಬೇರೆ ಅಪಾಯಗಳುಂಟು. ದಪ್ಪ ಬಾಗಿಲು ಹೊರಗಿನಿಂದ ಮುಚ್ಚಿಹೋದರೆ ಒಳಗಿನವನ ಕೂಗು ಕೇಳಿಸದು. ಪ್ರತಿಯೊಂದು ಬಾಗಿಲಿಗೂ ಒಳಗಿನಿಂದ ತೆರೆಯುವ ಹಿಡಿಕೆಯೂ, ಒತ್ತಿದರೆ ಹೊರಗೆ ಗಂಟೆ ಬಾರಿಸುವ ಗುಂಡಿಯೂ, ಕರೆಂಟು ಹೋದಾಗ ಉರಿಯುವ ದೀಪವೂ ಇರಬೇಕು. ಒಳಗೆ ಹೋದವರ ಹೆಸರುಗಳನ್ನು ಬಾಗಿಲ ಬಳಿ ಬರೆದು, ಸಂಜೆ ಎಣಿಸಿಯೇ ಕೀಲಿ ಹಾಕತಕ್ಕದ್ದು.

ಚೀಲಗಳ ನಿಟ್ಟು ಗೋಡೆಗೆ ತಾಗದೆ, ಗಾಳಿ ಆಡುವಂತೆ ಇರಬೇಕು. ಕಟ್ಟಡವು ತಾಳುವಷ್ಟಕ್ಕಿಂತ ಹೆಚ್ಚು ಭಾರವನ್ನು ಹೇರಕೂಡದು. 2023ರ ಮಾರ್ಚ್ 16ರಂದು ಉತ್ತರ ಪ್ರದೇಶದ ಸಂಭಲ ಜಿಲ್ಲೆಯ ಚಂದೌಸಿಯಲ್ಲಿ ಬಟಾಟೆಯ ಶೀತಗೃಹದ ಮಾಳಿಗೆ ಕುಸಿದು 14 ಜನರು ಸತ್ತರು. ಶೀತಗೃಹದಲ್ಲಿ ಯಂತ್ರವಷ್ಟೇ ಅಲ್ಲ, ಮಾಲಿನ ಭಾರವೂ ಕೊಲ್ಲಬಲ್ಲದೆಂಬುದಕ್ಕೆ ಇದು ಸಾಕ್ಷಿ.

ಹೊರಗಿನ ಬಿಸಿಲಿನಿಂದ ಬೆವರಿದ ಮೈಯಲ್ಲಿ ತಂಪಿನ ಕೋಣೆಗೆ ಹೋಗಿ ತಾಸುಗಟ್ಟಲೆ ದುಡಿಯುವದು ಹಿತವಲ್ಲ. ಒಣಗಿದ ಬೆಚ್ಚನೆಯ ಉಡುಪು, ಜಾರದ ಪಾದರಕ್ಷೆ, ನಡುನಡುವೆ ಹೊರಗೆ ವಿಶ್ರಾಂತಿ ಇವು ಅಗತ್ಯ. ಕೈ ಮರಗಟ್ಟಿ ಮಾತು ತೊದಲುವವನನ್ನು ಕೂಡಲೆ ಹೊರಗೆ ತರತಕ್ಕದ್ದು.

ಒಣ ಮೆಣಸಿನಕಾಯಿಯು ಹೆಚ್ಚು ಉಸಿರಾಡುವದಿಲ್ಲ. ಆದರೆ ಮಾವು, ಬಾಳೆ, ಬಟಾಟೆಗಳು ಕಿತ್ತ ಮೇಲೂ ಪ್ರಾಣವಾಯುವನ್ನು ಸೇವಿಸಿ ಇಂಗಾಲಾಮ್ಲವಾಯುವನ್ನು ಬಿಡುತ್ತಲೇ ಇರುವವು. ಹಣ್ಣು ಮಾಗಿಸುವ ಬಿಗಿಯಾದ ಕೋಣೆಯನ್ನು ತೆರೆದೊಡನೆ ಒಳನುಗ್ಗದೆ, ಬಾಗಿಲು ತೆರೆದು ಪಂಖ ಹಾಕಿ, ಗಾಳಿ ಬದಲಾದ ಬಳಿಕ ಹೋಗಬೇಕು. ಹಳ್ಳಿಯ ಹಾಲಿನ ಕೇಂದ್ರಗಳ ಸಣ್ಣ ಯಂತ್ರಗಳಲ್ಲಿ ಅಮೋನಿಯಾದ ಬದಲು ಫ್ರಿಯಾನ್ ಜಾತಿಯ ಅನಿಲವಿರುವದು. ಇದಕ್ಕೆ ಕಟು ವಾಸನೆಯಿಲ್ಲ. ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲಿ ನಿಂತು ಪ್ರಾಣವಾಯುವನ್ನು ಹೊರದೂಡುವದು. ಇಕ್ಕಟ್ಟಾದ ಯಂತ್ರದ ಕೋಣೆಯ ಕಿಡಿಕಿಗಳನ್ನು ಮುಚ್ಚಿಡುವದೂ, ಅಲ್ಲಿ ಬೆಂಕಿ ಹಚ್ಚುವದೂ ಅಪಾಯಕರ.

ಅನಿಲ ಸೋರಿದಾಗ

ಮೊದಲನೆಯ ಕರ್ತವ್ಯವು ಹೊರಗೆ ಬರುವದು. ಮಾಲಿನ ಚಿಂತೆ, ಚಪ್ಪಲಿಯ ಚಿಂತೆ ಬೇಡ. ತೋಯಿಸಿದ ಅರಿವೆಯನ್ನು ಮೂಗು ಬಾಯಿಗೆ ಹಿಡಿದರೆ ಅಮೋನಿಯಾದ ಸ್ವಲ್ಪ ಭಾಗವು ನೀರಿನಲ್ಲಿ ಕರಗುವದು. ಇದು ತಪ್ಪಿಸಿಕೊಂಡು ಓಡುವದಕ್ಕೆ ಸಹಾಯವೇ ಹೊರತು, ಒಳಗೆ ನಿಂತು ಕೆಲಸಮಾಡುವದಕ್ಕಲ್ಲ. ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ ಸರಿದು, ಬಳಿಕ ಗಾಳಿ ಬರುವ ಕಡೆಗೆ ದೂರ ಹೋಗಬೇಕು. ಅಮೋನಿಯಾ ಆವಿಯು ಗಾಳಿಗಿಂತ ಹಗುರವಾದರೂ, ತಣ್ಣಗಿನ ದ್ರವದಿಂದೆದ್ದ ಬಿಳಿಯ ಮಂಜು ನೆಲವನ್ನು ಹಿಡಿದು ಹರಿಯಬಲ್ಲದು. ಆದ್ದರಿಂದ ತಗ್ಗಿನಲ್ಲಿ ಅಡಗಕೂಡದು.

ಒಳಗೆ ಒಬ್ಬನು ಬಿದ್ದಿದ್ದಾನೆಂದು ಕಂಡಾಗ ಅಣ್ಣನೋ ಗೆಳೆಯನೋ ಹಾಗೆಯೇ ನುಗ್ಗುವದು ಮನುಷ್ಯಸ್ವಭಾವ. ಹಾಗೆ ನುಗ್ಗಿದವನು ಎರಡು ಉಸಿರಿನಲ್ಲಿ ಅವನ ಪಕ್ಕಕ್ಕೇ ಬೀಳುವನು. ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ಅದರಿಂದಲೇ ಉಸಿರಾಡುವ ಸಾಧನವನ್ನು ಧರಿಸಿದವರ ಹೊರತು ಯಾರೂ ಒಳಗೆ ಹೋಗಕೂಡದು. ಡಬ್ಬಿಯುಳ್ಳ ಸಾಮಾನ್ಯ ಮುಖವಾಡವು ಅನಿಲ ದಟ್ಟವಾದಲ್ಲಿ ಕಾಯುವದಿಲ್ಲ. 112ಕ್ಕೆ ಫೋನು ಮಾಡಿ ಅಗ್ನಿಶಾಮಕ ದಳವನ್ನೂ, 108ಕ್ಕೆ ಮಾಡಿ ಆಂಬುಲೆನ್ಸನ್ನೂ ಕರೆಯಬೇಕು. ಗಾಳಿ ಬೀಸುವ ದಿಕ್ಕಿನಲ್ಲಿರುವ ಮನೆಗಳವರಿಗೆ ತಿಳಿಸಿ, ದನಕರುಗಳನ್ನೂ ಸಾಧ್ಯವಿದ್ದರೆ ಸರಿಸಬೇಕು. ಹಾರುವ ಆವಿಯ ಮೇಲೆ ನೀರಿನ ತುಂತುರು ಹೊಡೆದರೆ ಅದು ತಗ್ಗುವದು; ಆದರೆ ನೆಲದಲ್ಲಿ ನಿಂತ ದ್ರವ ಅಮೋನಿಯಾದ ಮೇಲೆ ನೀರು ಸುರಿದರೆ ಅದು ಮತ್ತಷ್ಟು ಕುದಿದೇಳುವದು.

ಕಣ್ಣಿಗೆ ತಗಲಿದ್ದರೆ ರೆಪ್ಪೆಗಳನ್ನು ಅಗಲಿಸಿ ಸ್ವಚ್ಛ ನೀರಿನಿಂದ ಕಡಿಮೆಯೆಂದರೆ 15 ನಿಮಿಷ ತೊಳೆಯುತ್ತಲೇ ಇರಬೇಕು. ಆಸ್ಪತ್ರೆಗೆ ಒಯ್ಯುವ ಮೊದಲೇ ಇದನ್ನು ಮಾಡಬೇಕು. ಮೈಗೆ ಬಿದ್ದಿದ್ದರೆ ಧಾರಾಳವಾಗಿ ನೀರು ಹಾಕಿ ಬಟ್ಟೆಗಳನ್ನು ತೆಗೆಯಬೇಕು. ಚರ್ಮಕ್ಕೆ ಹೆಪ್ಪುಗಟ್ಟಿ ಅಂಟಿದ ಬಟ್ಟೆಯನ್ನು ಎಳೆಯದೆ, ನೀರಿನಿಂದ ಸಡಿಲಾದ ಮೇಲೆ ಬಿಡಿಸಬೇಕು. ಎಣ್ಣೆ, ಸುಣ್ಣ, ಮುಲಾಮು ಏನನ್ನೂ ಹಚ್ಚಬಾರದು. ಅನಿಲವನ್ನು ಸೇವಿಸಿದವನು ‘ಈಗ ಆರಾಮಾಗಿದೆ’ ಎಂದರೂ ಮನೆಗೆ ಕಳಿಸಕೂಡದು. ಪುಪ್ಪುಸದಲ್ಲಿ ನೀರು ತುಂಬುವದು ಹಲವು ತಾಸುಗಳ ಮೇಲೆ ಆರಂಭವಾಗುವದುಂಟು. ಆದ್ದರಿಂದ ಅವನು ವೈದ್ಯರ ಕಣ್ಣಳತೆಯಲ್ಲಿಯೇ ಇರತಕ್ಕದ್ದು.

ಮಾಲಿಕರ ಹೊಣೆ ಮತ್ತು ಒಕ್ಕಲಿಗರ ಹಿತ

ಯಂತ್ರವನ್ನು ಕಲಿತವರ ಕೈಗೇ ಕೊಡುವದು, ಕೋಣೆಯಲ್ಲಿ ಅನಿಲ ಸೂಚಿಸುವ ಯಂತ್ರವನ್ನೂ ಗಾಳಿ ಹೊರಹಾಕುವ ಪಂಖವನ್ನೂ ಇರಿಸುವದು, ಪಂಖದ ಸ್ವಿಚ್ಚನ್ನು ಬಾಗಿಲ ಹೊರಗೆ ಇಡುವದು, ರಕ್ಷಣೆಯ ವಾಲ್ವುಗಳನ್ನು ಕಾಲಕಾಲಕ್ಕೆ ಪರೀಕ್ಷಿಸಿ ಬದಲಿಸುವದು, ಉಸಿರಾಟದ ಸಾಧನಗಳನ್ನು ಯಂತ್ರದ ಕೋಣೆಯ ಹೊರಗೆ ಕೈಗೆ ಸಿಗುವಂತೆ ಇಡುವದು, ಕಣ್ಣು ತೊಳೆಯುವ ನೀರಿನ ನಳವನ್ನು ಹತ್ತಿರವೇ ಹಾಕಿಸುವದು, ಗಾಳಿಯ ದಿಕ್ಕು ತೋರಿಸುವ ಬಾವುಟವನ್ನು ಮಾಳಿಗೆಯ ಮೇಲೆ ಕಟ್ಟುವದು — ಇವು ಮಾಲಿಕರ ಹೊಣೆ. ಭಾರತೀಯ ಮಾನಕ ಸಂಸ್ಥೆಯು ತಂಪು ಮಾಡುವ ಯಂತ್ರಗಳಿಗಾಗಿಯೂ ಅಮೋನಿಯಾಕ್ಕಾಗಿಯೂ ಸುರಕ್ಷತೆಯ ನಿಯಮಾವಳಿಗಳನ್ನು ಹೊರಡಿಸಿದೆ. ಅವುಗಳ ಸಾರವನ್ನು ಕನ್ನಡದಲ್ಲಿ ದೊಡ್ಡ ಅಕ್ಷರಗಳಿಂದ ಬರೆಯಿಸಿ ಗೋಡೆಗೆ ತೂಗಹಾಕಬೇಕು. ಓದುಬಾರದವರಿಗೆ ಹಂಗಾಮಿನ ಮೊದಲ ದಿನವೇ ಹೊರದಾರಿಯನ್ನು ನಡೆಸಿ ತೋರಿಸಬೇಕು.

ಮಾಲು ಇಡುವ ಒಕ್ಕಲಿಗನಿಗೂ ಇದರಲ್ಲಿ ಹಿತವುಂಟು. ಅಮೋನಿಯಾ ತಗಲಿದ ಉಳ್ಳಾಗಡ್ಡಿ, ಹಣ್ಣುಗಳ ಬಣ್ಣ ಕೆಡುವದು. ಬಣ್ಣಕ್ಕಾಗಿಯೇ ಇರಿಸಿದ ಮಾಲಿಗೆ ಅಲ್ಲಿ ಸ್ಥಳವಿಲ್ಲ. ಬಾಡಿಗೆಯ ದರವನ್ನು ವಿಚಾರಿಸುವಾಗಲೇ, ಬಾಗಿಲು ಒಳಗಿನಿಂದ ತೆರೆಯುವದೋ, ಯಂತ್ರದ ಕೋಣೆಯಲ್ಲಿ ವಾಸನೆ ಇದೆಯೋ, ಮಾಲಿಗೆ ವಿಮೆ ಇಳಿಸಿದೆಯೋ ಎಂದು ಕೇಳುವದಕ್ಕೆ ಸಂಕೋಚಪಡಬಾರದು. ಹತ್ತು ಜನ ಕೇಳತೊಡಗಿದರೆ ಮಾಲಿಕನು ತಾನಾಗಿಯೇ ವ್ಯವಸ್ಥೆ ಮಾಡುವನು.

ನೆನಪಿಡತಕ್ಕ ನಿಯಮಗಳು

1. ಯಂತ್ರದ ಕೋಣೆಯಲ್ಲಿ ವಾಸನೆ ಬಂದರೆ ಅದು ಸೋರುವಿಕೆಯೇ. ಅದೇ ದಿನ ಹುಡುಕತಕ್ಕದ್ದು.

2. ಎಣ್ಣೆ ತೆಗೆಯುವದು, ವಾಲ್ವು ಬಿಚ್ಚುವದು ಒಬ್ಬನ ಕೆಲಸವಲ್ಲ.

3. ಕರೆಂಟು ಬಂದಾಗ ಆತುರ ಬೇಡ. ಬರೆದಿಟ್ಟ ಕ್ರಮದಂತೆ ನಡೆಯಬೇಕು.

4. ಒಳಗೆ ಹೋದವರನ್ನು ಎಣಿಸದೆ ಬಾಗಿಲಿಗೆ ಕೀಲಿ ಹಾಕಕೂಡದು.

5. ತಕ್ಕ ಸಾಧನವಿಲ್ಲದೆ ಬಿದ್ದವನನ್ನು ಎತ್ತಲು ಒಳನುಗ್ಗಕೂಡದು.

6. ಅನಿಲ ಸೇವಿಸಿದವನನ್ನು ವೈದ್ಯರಿಗೆ ತೋರಿಸದೆ ಮನೆಗೆ ಕಳಿಸಕೂಡದು.

ಮೇಲೆ ಹೇಳಿದ ಎಚ್ಚರಿಕೆಗಳಿಗೆ ತಗಲುವ ವೆಚ್ಚವು ಒಂದು ಹಂಗಾಮಿನ ಬಾಡಿಗೆಯ ಮುಂದೆ ಅಲ್ಪವಾದದ್ದು. ಅವುಗಳಲ್ಲಿ ಅರ್ಧಕ್ಕೆ ವೆಚ್ಚವೇ ಇಲ್ಲ. ಮೆಣಸಿನಕಾಯಿಯ ಬಣ್ಣವನ್ನು ಉಳಿಸುವದಕ್ಕೆ ಕಟ್ಟಿದ ಗೃಹದಲ್ಲಿ ದುಡಿಯುವವನ ಪ್ರಾಣವೂ ಉಳಿಯತಕ್ಕದ್ದು ನ್ಯಾಯ.